ಹೊರಗೆ ಗತ್ತು, ಒಳಗೆ ಗುಂಯ್: ಲಾರಿಗೆ ಯಾವ ಸೈಲೆನ್ಸರ್ ಹಾಕಿಸಬೇಕು?

ಪ್ರಶ್ನೆ: ಸಾರ್, ನನ್ನದು 2013ರ ಟಾಟಾ 2518, ಹತ್ತು ಚಕ್ರದ ಲಾರಿ, ಹೊಗೆಯ ಮಾನದಂಡ ಬಿಎಸ್-3. ನಾನೇ ಮಾಲೀಕ, ನಾನೇ ಡ್ರೈವರ್. ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನಕಾಯಿ, ಆಲೂಗಡ್ಡೆ ತುಂಬಿಕೊಂಡು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಗೊಬ್ಬರದ ಲೋಡು. ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ. ಒಂದು ಗ್ಯಾರೇಜಿನವರು ಕಂಪನಿಯದ್ದೇ ಹಾಕಿಸಿ ಅಂತಾರೆ. ವೆಲ್ಡಿಂಗ್ ಅಂಗಡಿಯವರು ಅರ್ಧ ದುಡ್ಡಿಗೆ ಮಾಡಿಕೊಡ್ತೀನಿ ಅಂತಾರೆ. ಜೊತೆಯ ಡ್ರೈವರುಗಳು ಒಳಗಿನ ಪ್ಲೇಟೆಲ್ಲ ತೆಗೆಸಿ ನೇರ ಪೈಪ್ ಮಾಡಿಸು, ಶಿರಾಡಿ ಘಾಟಿಯಲ್ಲಿ ಪಿಕಪ್ ನೋಡು ಅಂತಾರೆ. ನಿಜ ಹೇಳಬೇಕಂದ್ರೆ ನನಗೂ ಸ್ವಲ್ಪ ಗತ್ತಿನ ಸೌಂಡ್ ಇಷ್ಟ. ಆದರೆ ಈಗಲೇ ಕ್ಯಾಬಿನ್ ಒಳಗೆ ತಲೆ ಸಿಡಿಯುತ್ತೆ, ಮನೆಗೆ ಬಂದು ಮಲಗಿದ ಮೇಲೂ ಕಿವಿಯಲ್ಲಿ ಗುಂಯ್ ಅಂತಿರುತ್ತೆ. ಘಾಟಿ ಹತ್ತುವಾಗ ಗಾಡಿ ಮೊದಲಿನಂತೆ ಎಳೀತಾನೂ ಇಲ್ಲ. ಯಾವುದು ಹಾಕಿಸಲಿ?

ಉತ್ತರ: ನೀವು ಒಂದು ಸೈಲೆನ್ಸರ್ ಬಗ್ಗೆ ಕೇಳಿದ್ದೀರಿ. ಆದರೆ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಹೊರಗೆ ಕೇಳುವ ಸೌಂಡ್ ಒಂದು, ಒಳಗೆ ಕೂತವರ ಕಿವಿಗೆ ಬೀಳುವ ಸದ್ದು ಇನ್ನೊಂದು, ಘಾಟಿಯಲ್ಲಿ ಎಳೆಯದಿರುವುದು ಮೂರನೆಯದು. ಇಪ್ಪತ್ತೈದು ವರ್ಷ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡಿದ್ದೇನೆ. ಸೈಲೆನ್ಸರ್ ಬದಲಿಸಿದರೆ ಮೂರೂ ಸರಿಯಾಗುತ್ತವೆ ಅಂತ ದುಡ್ಡು ಸುರಿದು, ಎರಡು ಹಾಗೇ ಉಳಿದ ಎಷ್ಟೋ ಮಾಲೀಕರನ್ನು ಕಂಡಿದ್ದೇನೆ. ಅದಕ್ಕೇ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ಪಿಕಪ್. ನೇರ ಪೈಪ್ ಹಾಕಿದರೆ ಶಕ್ತಿ ಹೆಚ್ಚುತ್ತೆ ಅನ್ನುವ ಮಾತಿನಲ್ಲಿ ಒಂದು ಚೂರು ಸತ್ಯವಿದೆ. ಹೊಗೆ ಹೊರಗೆ ಹೋಗುವ ದಾರಿಯಲ್ಲಿ ತಡೆ ಇದ್ದರೆ ಅದನ್ನು ತಳ್ಳಲು ಎಂಜಿನ್ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನೇ ಬ್ಯಾಕ್ ಪ್ರೆಶರ್ ಅನ್ನುವುದು. ಆದರೆ ಎಷ್ಟು ಕಳೆದುಕೊಳ್ಳುತ್ತದೆ? ನಿಮ್ಮದು 5.9 ಲೀಟರಿನ ಆರು ಸಿಲಿಂಡರ್ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಫ್ಯಾನು) ಎಂಜಿನ್, 180 ಹೆಚ್‌ಪಿ. ಇಂಥ ಹಳೆಯ ಟರ್ಬೊ ಡೀಸೆಲ್‌ಗಳಿಗೆ ಟರ್ಬೊ ದಾಟಿದ ಮೇಲೆ ಸಾಮಾನ್ಯವಾಗಿ 75 ಮಿಲಿಮೀಟರ್ ಪಾದರಸದವರೆಗೆ ಬ್ಯಾಕ್ ಪ್ರೆಶರ್ ಇರಬಹುದು. ಅಂದರೆ ಒಂದು ಮೀಟರ್ ಎತ್ತರದ ನೀರಿನ ಭಾರದಷ್ಟು. ಅಷ್ಟೂ ತಡೆ ಇದೆ ಅಂತಲೇ ಇಟ್ಟುಕೊಳ್ಳಿ. 2500 ಆರ್‌ಪಿಎಂನಲ್ಲಿ ಅದನ್ನು ತಳ್ಳಲು ಎಂಜಿನ್‌ಗೆ ತಗಲುವುದು ಒಂದೂಮುಕ್ಕಾಲು ಹೆಚ್‌ಪಿಯ ಹತ್ತಿರ. ಟರ್ಬೊ ಮೇಲೆ ಬೀಳುವ ಹೊರೆಯನ್ನೂ ಸೇರಿಸಿದರೆ ಮೂರೋ ನಾಲ್ಕೋ. 180ರಲ್ಲಿ ನಾಲ್ಕು. ಪೂರಾ ಲೋಡಿನಲ್ಲಿ ಶಿರಾಡಿಯಲ್ಲಿ ಮಾರನಹಳ್ಳಿಯ ಕಡೆ ಏರುವಾಗ ಆ ನಾಲ್ಕು ಹೆಚ್‌ಪಿ ನಿಮ್ಮ ಕಾಲಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ನೇರ ಪೈಪ್ ಹಾಕಿಸಿದವರು ಗಾಡಿ ಹಾರುತ್ತೆ ಅನ್ನುವುದೇಕೆ? ಅವರು ಸುಳ್ಳು ಹೇಳುತ್ತಿಲ್ಲ. ಅವರ ಹಳೆಯ ಸೈಲೆನ್ಸರ್ ಒಳಗೇ ಮುರಿದು ಕಟ್ಟಿಕೊಂಡಿರುತ್ತದೆ. ಅದನ್ನು ತೆಗೆದಾಗ ಎಂಜಿನ್ ಉಸಿರಾಡುತ್ತದೆ. ಒಳ್ಳೆಯ ಹೊಸ ಸೈಲೆನ್ಸರ್ ಹಾಕಿದ್ದರೂ ಅಷ್ಟೇ ಲಾಭ ಸಿಗುತ್ತಿತ್ತು. ಜೊತೆಗೆ ಸದ್ದು ಜಾಸ್ತಿಯಾದಾಗ ಗಾಡಿ ಜೋರಾಗಿ ಎಳೆದಂತೆ ಮನಸ್ಸಿಗೆ ಅನ್ನಿಸುತ್ತದೆ. ಅನುಮಾನವಿದ್ದರೆ ಒಂದು ಕೆಲಸ ಮಾಡಿ. ಒಂದೇ ತೂಕದ ಲೋಡಿನಲ್ಲಿ, ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಎಷ್ಟು ಸೆಕೆಂಡ್ ಆಯಿತು ಅಂತ ಕ್ಲೀನರ್ ಕೈಲಿ ಬರೆಸಿ. ಗಡಿಯಾರಕ್ಕೆ ಸೌಂಡ್ ಕೇಳಿಸುವುದಿಲ್ಲ.

ಇದರ ತಿರುವುಮುರುವು ಮಾತೂ ಚಾಲ್ತಿಯಲ್ಲಿದೆ. ಬ್ಯಾಕ್ ಪ್ರೆಶರ್ ಇಲ್ಲದಿದ್ದರೆ ಎಂಜಿನ್ ಎಳೆಯೋದಿಲ್ಲ, ವಾಲ್ವ್ ಸುಟ್ಟುಹೋಗುತ್ತೆ ಅಂತ. ಟರ್ಬೊ ಡೀಸೆಲ್ ಮಟ್ಟಿಗೆ ಅದೂ ತಪ್ಪು. ಟರ್ಬೊ ಆದಮೇಲೆ ದಾರಿ ಎಷ್ಟು ಸಲೀಸೋ ಎಂಜಿನ್‌ಗೆ ಅಷ್ಟು ಒಳ್ಳೆಯದು. ನೇರ ಪೈಪ್ ಬೇಡ ಅನ್ನಲು ನನಗೆ ಬೇರೆ ಕಾರಣಗಳಿವೆ, ಇದಲ್ಲ.

ನಿಮ್ಮ ಗಾಡಿ ಮೊದಲಿನಂತೆ ಎಳೆಯುತ್ತಿಲ್ಲ ಅಂದಿರಿ. ಸೈಲೆನ್ಸರ್ ತೂತಾದರೆ ಗಾಡಿ ಎಳೆಯುವುದು ಕಡಿಮೆಯಾಗುವುದಿಲ್ಲ ಅಲ್ವಾ? ತೂತಾದರೆ ತಡೆ ಕಡಿಮೆಯೇ ಆಗಬೇಕು. ಹಾಗಾಗಿ ಕಾರಣ ಬೇರೆ ಕಡೆ ಇದೆ, ಅಥವಾ ಸೈಲೆನ್ಸರಿನ ಒಳಗಿನ ಪ್ಲೇಟು ಕಳಚಿ ಬಾಯಿಗೆ ಅಡ್ಡ ಬಿದ್ದಿದೆ. ಎಂಜಿನ್ ತಣ್ಣಗಿರುವಾಗ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಒಳಗೆ ಗಲಗಲ ಅಂದರೆ ಪ್ಲೇಟು ಕಳಚಿದೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನೋಡಿಸಿರುತ್ತೀರಿ. ಟರ್ಬೊದಿಂದ ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಪೈಪಿನ ಕ್ಲಾಂಪುಗಳನ್ನೂ ಒಮ್ಮೆ ನೋಡಿಸಿ. ಲೋಡಿನಲ್ಲಿ ಕಪ್ಪು ಹೊಗೆ ಬರುತ್ತಿದ್ದರೆ ಬಹುಮಟ್ಟಿಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ಇದೆಲ್ಲಕ್ಕಿಂತ ಮುಖ್ಯವಾಗಿ ಎಗ್ಸಾಸ್ಟ್ ಬ್ರೇಕ್ ನೋಡಿ. ಘಾಟಿ ಇಳಿಯುವಾಗ ನೀವು ಹಾಕುವ ಆ ಬ್ರೇಕು ಹೊಗೆ ಪೈಪಿನೊಳಗೆ ಒಂದು ದುಂಡನೆಯ ಬಾಗಿಲು ಮುಚ್ಚಿ ಎಂಜಿನ್ ಅನ್ನು ಹಿಡಿಯುತ್ತದೆ. ಮಸಿ ಕಟ್ಟಿಕೊಂಡರೆ, ಒಳಗಿನ ಶಾಫ್ಟ್ ಬಿಗಿಯಾದರೆ, ಆ ಬಾಗಿಲು ಪೂರಾ ತೆರೆಯದೆ ಅರ್ಧಕ್ಕೆ ನಿಂತುಬಿಡುತ್ತದೆ. ಆಗ ಘಾಟಿ ಹತ್ತುವಾಗಲೂ ಅರ್ಧ ಬ್ರೇಕ್ ಹಾಕಿಕೊಂಡೇ ಹತ್ತಿದ ಹಾಗೆ. ಒಬ್ಬ ಮಾಲೀಕರು ಇದೇ ದೂರಿಗೆ ಎರಡು ಸೈಲೆನ್ಸರ್ ಬದಲಿಸಿ, ಡೀಸೆಲ್ ಪಂಪನ್ನೂ ಬಿಚ್ಚಿಸಿ, ಆಮೇಲೆ ನನ್ನ ಹತ್ತಿರ ಬಂದರು. ಲಿವರಿಗೆ ಎಣ್ಣೆ ಬಿಟ್ಟು ಕೈಯಲ್ಲಿ ನಾಲ್ಕು ಸಲ ಆಡಿಸಿದ ಮೇಲೆ ಬಾಗಿಲು ತೆರೆದುಕೊಂಡಿತು. ಅಲ್ಲಿಯವರೆಗೆ ಅವರು ಖರ್ಚು ಮಾಡಿದ್ದ ದುಡ್ಡು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎಂಜಿನ್ ನಿಂತಿರುವಾಗ, ಪೈಪು ತಣ್ಣಗಾದ ಮೇಲೆ, ಲಿವರ್ ಪೂರಾ ಹಿಂದಕ್ಕೆ ಬರುತ್ತದೆಯೇ ನೋಡಿ. ಇದಕ್ಕೆ ಐದು ನಿಮಿಷ ಸಾಕು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಟರ್ಬೊ ಕೆಳಗಿನ ಪೈಪಿಗೆ ಒಂದು ನಟ್ ಬೆಸೆದು, ಎರಡು ಮೂರು ಮೀಟರ್ ತಾಮ್ರದ ಕೊಳವೆ ಎಳೆದು, ಕಡಿಮೆ ಒತ್ತಡ ತೋರಿಸುವ ಗೇಜ್ ಹಾಕಿ ಘಾಟಿ ಹತ್ತಿಸಿ. ನಿಂತಲ್ಲಿ ರೇಸ್ ಮಾಡಿ ಅಳೆದರೆ ಸರಿಯಾದ ಲೆಕ್ಕ ಸಿಗುವುದಿಲ್ಲ, ಯಾಕೆಂದರೆ ಲೋಡ್ ಇಲ್ಲದೆ ಟರ್ಬೊ ಪೂರಾ ಕೆಲಸ ಮಾಡುವುದಿಲ್ಲ. ನಿಮ್ಮ ಎಂಜಿನ್ ಪುಸ್ತಕದಲ್ಲಿ ಕೊಟ್ಟಿರುವ ಮಿತಿಯೊಳಗೆ ಇದ್ದರೆ ಸೈಲೆನ್ಸರ್ ಮೇಲೆ ತಪ್ಪು ಹೊರಿಸಬೇಡಿ.

ಈಗ ಸೌಂಡ್. ನಿಮಗೆ ಗತ್ತಿನ ಸೌಂಡ್ ಇಷ್ಟ ಅಂದಿದ್ದೀರಿ, ಅದರಲ್ಲಿ ತಪ್ಪೇನಿಲ್ಲ. ದಿನವಿಡೀ ಜೊತೆಗಿರುವ ಗಾಡಿಯ ದನಿ ಚೆನ್ನಾಗಿರಲಿ ಅನ್ನುವುದು ನನಗೂ ಅರ್ಥವಾಗುತ್ತದೆ. ಆದರೆ ಆ ಗತ್ತು ಎಲ್ಲಿಂದ ಬರುತ್ತದೆ ನೋಡಿ. ಆರು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಮೂರು ಸಲ ಸಿಡಿಯುತ್ತದೆ. 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ 75 ಸಲ. ಆ 75ರ ಸುತ್ತಮುತ್ತಲಿನ ದಪ್ಪ ದನಿಯೇ ನಿಮಗೆ ಇಷ್ಟವಾಗುವ ಗತ್ತು. ಟರ್ಬೊ ಸಿಳ್ಳೆ, ಸುಯ್ ಅನ್ನುವ ಗಾಳಿ ಸದ್ದು, ಕಿರ್ ಅನ್ನುವುದು ಇವೆಲ್ಲ ತೆಳು ದನಿಗಳು. ತೆಳು ದನಿಯನ್ನು ತಡೆಯುವುದು ಸುಲಭ. ಒಂದು ಕಿಟಕಿ ಗಾಜು, ಒಂದು ರಬ್ಬರ್ ಮ್ಯಾಟ್ ಸಾಕು. ದಪ್ಪ ದನಿ ಹಾಗಲ್ಲ. ಅದು ತಗಡು, ಗಾಜು, ಸೀಟು ಎಲ್ಲವನ್ನೂ ನಡುಗಿಸಿಕೊಂಡು ಒಳಗೆ ಬರುತ್ತದೆ. ಅಂದರೆ ಹೊರಗೆ ನಿಂತಾಗ ನಿಮಗೆ ಇಷ್ಟವಾಗುವ ದನಿಯೇ ಒಳಗೆ ಕೂತಾಗ ತಲೆ ಸಿಡಿಸುವ ಗುಂಯ್. ಎರಡೂ ಒಂದೇ ಅಲೆ. ಕ್ಯಾಬಿನ್ ಶಾಂತವಾಗಿರಬೇಕು ಅಂದರೆ ಗತ್ತನ್ನು ಸ್ವಲ್ಪ ಬಿಟ್ಟುಕೊಡಲೇಬೇಕು. ಇದನ್ನು ಯಾರೂ ನಿಮಗೆ ಅಂಗಡಿಯಲ್ಲಿ ಹೇಳುವುದಿಲ್ಲ.

ಸೈಲೆನ್ಸರುಗಳ ಜಾತಿಯೂ ಇದೇ ಲೆಕ್ಕದಲ್ಲಿ ಬೇರೆಯಾಗುತ್ತದೆ. ಕಂಪನಿಯದ್ದು ಕೋಣೆಗಳಿರುವ ಡಬ್ಬ. ಒಳಗೆ ಅಡ್ಡ ಗೋಡೆ, ತೂತಿನ ಕೊಳವೆ. ಹೊಗೆಯ ಅಲೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಗೋಡೆಗೆ ಬಡಿದು ಹಿಂದಿರುಗಿ, ಎದುರು ಬರುವ ಅಲೆಯನ್ನೇ ಕೊಲ್ಲುತ್ತದೆ. ದಪ್ಪ ದನಿಗೆ ಇದೇ ಮದ್ದು. ಆದರೆ ದಪ್ಪ ದನಿಯ ಅಲೆ ಬಹಳ ಉದ್ದ. ಬಿಸಿ ಹೊಗೆಯಲ್ಲಿ 75ರ ಅಲೆ ಆರು ಮೀಟರಿಗೂ ಜಾಸ್ತಿ. ಆದ್ದರಿಂದ ಡಬ್ಬ ದೊಡ್ಡದೇ ಇರಬೇಕು. ಇನ್ನೊಂದು ಜಾತಿಯಲ್ಲಿ ತೂತಿನ ನೇರ ಕೊಳವೆಯ ಸುತ್ತ ಗಾಜಿನ ನಾರು ತುಂಬಿರುತ್ತಾರೆ. ತೆಳು ದನಿಯನ್ನು ಅದು ಚೆನ್ನಾಗಿ ಹೀರುತ್ತದೆ, ತಡೆಯೂ ಇಲ್ಲ. ಆದರೆ 75ರ ಮುಂದೆ ಅದರ ಆಟ ನಡೆಯುವುದಿಲ್ಲ. ಡೀಸೆಲ್ ಮಸಿ ಸೇರಿ ನಾರು ಗಟ್ಟಿಯಾಗುತ್ತದೆ, ಕೊನೆಗೆ ಸ್ವಲ್ಪ ಸ್ವಲ್ಪವಾಗಿ ಹಾರಿ ಹೋಗುತ್ತದೆ. ಹಾಕಿದ ಹೊಸದರಲ್ಲಿ ಹಿತವಾಗಿದ್ದ ದನಿ ದಿನ ಕಳೆದಂತೆ ಒರಟಾಗುವುದು ಇದಕ್ಕೇ.

ನಿಮ್ಮ ಜೊತೆಯವರು ಹೇಳಿದ ಹಾಗೆ ಪ್ಲೇಟು ತೆಗೆಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಖಾಲಿ ಡಬ್ಬ ತಮಟೆಯ ಹಾಗೆ ತಾನೇ ನಡುಗಿ ಸದ್ದನ್ನು ಹೆಚ್ಚಿಸುತ್ತದೆ. ಕಾನೂನಿನ ಮಾತೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ಗಾಡಿಗೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ರಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ. ನೀವೇ ಡ್ರೈವರ್, ಮೂರು ತಿಂಗಳು ಗಾಡಿ ನಿಂತರೆ ಕಂತು ಯಾರು ಕಟ್ಟುತ್ತಾರೆ? ನಿಮ್ಮ ಗಾಡಿಗೆ ಎಂಟು ವರ್ಷ ದಾಟಿದೆ, ವರ್ಷ ವರ್ಷ ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ, ಅಂದರೆ ಎಫ್‌ಸಿ ಬೇರೆ ಆಗಬೇಕು. ರಾತ್ರಿ ಎರಡು ಗಂಟೆಗೆ ಗುಂಡ್ಯ, ನೆಲ್ಯಾಡಿಯ ರಸ್ತೆ ಬದಿಯ ಮನೆಗಳಲ್ಲಿ ಮಲಗಿದವರೂ ನಮ್ಮ ಹಾಗೇ ದಿನವೆಲ್ಲ ದುಡಿದು ಮಲಗಿದವರು.

ಇದನ್ನು ಓದುತ್ತಿರುವ ಬೇರೆಯವರ ಗಾಡಿ 2020ರ ಏಪ್ರಿಲ್ ನಂತರದ ಬಿಎಸ್-6 ಆಗಿದ್ದರೆ ಅವರಿಗೆ ಈ ಆಯ್ಕೆಗಳೇ ಇಲ್ಲ. ಮಸಿ ಹಿಡಿಯುವ ಫಿಲ್ಟರು, ಯೂರಿಯಾ ನೀರಿನ ವ್ಯವಸ್ಥೆ, ಸೈಲೆನ್ಸರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಕೈ ಹಾಕಿದರೆ ಸೆನ್ಸರ್ ಗೊತ್ತು ಮಾಡಿಕೊಂಡು ಎಂಜಿನ್ ಶಕ್ತಿಯನ್ನೇ ಕಡಿತ ಮಾಡುತ್ತದೆ. ಪೆಟ್ರೋಲ್, ಡೀಸೆಲ್ ಟ್ಯಾಂಕರ್ ಆಗಿದ್ದರೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇಲ್ಲದೆ ಲೋಡಿಂಗಿಗೇ ಹೋಗಬಾರದು.

ಈಗ ನನಗೆ ಹೆಚ್ಚು ಚಿಂತೆ ತರಿಸಿದ ಮಾತಿಗೆ ಬರುತ್ತೇನೆ: ಕ್ಯಾಬಿನ್ ಸದ್ದು ಮತ್ತು ಕಿವಿಯ ಗುಂಯ್.

ಒಳಗೆ ಬರುವ ಸದ್ದೆಲ್ಲ ಸೈಲೆನ್ಸರಿನದ್ದಲ್ಲ. ಡ್ರೈವರ್ ಸೀಟಿನ ಪಕ್ಕದಲ್ಲೇ ಎಂಜಿನ್ ಮುಚ್ಚುವ ಬಾನೆಟ್ ಇದೆ. ಅದರ ರಬ್ಬರ್ ಒಣಗಿ ಸೀಳಿರುತ್ತದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿರುತ್ತದೆ. ಪೆಡಲ್ ಹತ್ತಿರ ಹಳೇ ವೈರು ಎಳೆದ ತೂತು ಹಾಗೇ ಬಿಟ್ಟಿರುತ್ತಾರೆ. ಇಷ್ಟು ಚಿಕ್ಕ ಸಂದಿಯಿಂದ ಏನಾಗುತ್ತೆ ಅನ್ನಬೇಡಿ. ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೂ ಆ ಗೋಡೆ, ಎಷ್ಟೇ ದಪ್ಪಗಿದ್ದರೂ, ಸದ್ದಿನ ಅಳತೆಯಲ್ಲಿ 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲಾರದು. ನೀರು ನುಗ್ಗುವ ಹಾಗೇ ಸದ್ದೂ ಸಂದಿ ಹುಡುಕಿಕೊಂಡು ನುಗ್ಗುತ್ತದೆ.

ಡೆಸಿಬಲ್ ಲೆಕ್ಕವೂ ನಾವು ಅಂದುಕೊಂಡ ಹಾಗಿಲ್ಲ. ಬಾನೆಟ್ ಕಡೆಯಿಂದ 86, ಸೈಲೆನ್ಸರ್ ಕಡೆಯಿಂದ 80 ಬರುತ್ತಿದೆ ಅಂತ ಇಟ್ಟುಕೊಳ್ಳಿ. ಎರಡೂ ಸೇರಿ 87. ಸೈಲೆನ್ಸರ್ ಸದ್ದನ್ನು ಪೂರಾ ಇಲ್ಲ ಮಾಡಿದರೂ 86 ಉಳಿಯುತ್ತದೆ. ದುಬಾರಿ ಸೈಲೆನ್ಸರ್ ಹಾಕಿಸಿದರೂ ಒಳಗೇನೂ ಬದಲಾಗಲಿಲ್ಲ ಅಂತ ಬರುವವರ ಕಥೆ ಇದೇ. ಜಾಸ್ತಿ ಸದ್ದು ಮಾಡುವುದನ್ನು ಮೊದಲು ಹಿಡಿಯಬೇಕು.

ಯಾವುದು ಅಂತ ಕಂಡುಹಿಡಿಯಲು ನಾನು ಮಾಡುವ ಉಪಾಯ ಹೇಳುತ್ತೇನೆ. ಗಾಡಿ ನಿಲ್ಲಿಸಿ, ಕಿಟಕಿ ಮುಚ್ಚಿ, 1500 ಆರ್‌ಪಿಎಂ ಹಿಡಿದು, ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಅನ್ನು ಡ್ರೈವರ್ ಕಿವಿಯ ಹತ್ತಿರ ಇಟ್ಟು ಓದಿಕೊಳ್ಳಿ. ಆಮೇಲೆ ಸೈಲೆನ್ಸರ್ ಬಾಯಿಗೆ ನಾಲ್ಕೈದು ಮೀಟರ್ ಉದ್ದದ, ಶಾಖ ತಡೆಯುವ, ಪೈಪಿನಷ್ಟೇ ಅಗಲದ ಹೋಸ್ ಕಟ್ಟಿ ಹೊಗೆಯನ್ನು ದೂರ ಬಿಡಿ. ಒಳಗೆ ಓದಿಕೆ ಕೆಳಗಿಳಿಯದಿದ್ದರೆ ಸದ್ದು ಪೈಪಿನ ಬಾಯಿಂದ ಬರುತ್ತಿಲ್ಲ. ಮೊಬೈಲ್ ತೋರಿಸುವ ಅಂಕಿ ನಿಖರ ಅಲ್ಲ, ಆದರೆ ಮೊದಲು ಮತ್ತು ಆಮೇಲಿನ ವ್ಯತ್ಯಾಸಕ್ಕೆ ಸಾಕು. ಆ್ಯಪಿನಲ್ಲಿ ಎ, ಸಿ ಅಂತ ಎರಡು ಸೆಟ್ಟಿಂಗ್ ಇದ್ದರೆ ಎರಡರಲ್ಲೂ ಓದಿ. ಎ ಸೆಟ್ಟಿಂಗ್ ದಪ್ಪ ದನಿಯನ್ನು 20 ಡೆಸಿಬಲ್‌ಗಿಂತ ಜಾಸ್ತಿ ಕಡಿತ ಮಾಡಿ ತೋರಿಸುತ್ತದೆ. ಎ ಕಡಿಮೆ ಇದ್ದು ಸಿ ಬಹಳ ಜಾಸ್ತಿ ಇದ್ದರೆ ನಿಮ್ಮ ತೊಂದರೆ ಗುಂಯ್‌ನದ್ದೇ.

ಕೆಳಗೆ ಬಗ್ಗಿ ಇನ್ನೊಂದು ನೋಡಿ. ಎಂಜಿನ್‌ನ ಹೊಗೆ ಕೂಡಿಸುವ ಮ್ಯಾನಿಫೋಲ್ಡ್, ಟರ್ಬೊ, ಪೈಪುಗಳನ್ನು ಬೋಲ್ಟಿನಿಂದ ಸೇರಿಸುವ ಫ್ಲೇಂಜ್ ಜೋಡಣೆಗಳ ಸುತ್ತ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲಿ ಪ್ಯಾಕಿಂಗ್ ಹೋಗಿದೆ. ಕ್ಯಾಬಿನ್ ಕೆಳಗೇ ಹೊಗೆ ಸೋರುತ್ತಿದೆ. ಅದು ಬರೀ ಸದ್ದಿನ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಬಾನೆಟ್ ಸಂದಿಯಿಂದ ಸದ್ದು ಬರುತ್ತದೆ ಅಂದರೆ ಹೊಗೆಯೂ ಬರುತ್ತದೆ. ನೀವು, ನಿಮ್ಮ ಕ್ಲೀನರ್ ಹುಡುಗ ಅದರಲ್ಲೇ ಮಲಗುತ್ತೀರಿ. ಇದನ್ನು ನಾಳೆಗೆ ಬಿಡಬೇಡಿ. ಸೈಲೆನ್ಸರ್ ಹಿಡಿದ ರಬ್ಬರ್ ಕಲ್ಲಿನಂತಾಗಿದ್ದರೆ, ಕ್ಯಾಬಿನ್ ಕೆಳಗಿನ ಮೌಂಟಿಂಗ್ ರಬ್ಬರ್ ಕುಸಿದಿದ್ದರೆ, ಅವನ್ನೂ ಬದಲಿಸಿ. ನಡುಕ ಚಾಸಿಸ್‌ನಿಂದ ಒಳಗೆ ಬರುವುದು ಅಲ್ಲಿಂದ.

ಬಾನೆಟ್ ಒಳಮೈಗೆ ಬೆಂಕಿ ಹಿಡಿಯದ ಗಾಜಿನ ನಾರಿನ ಹೊದಿಕೆ, ನೆಲಕ್ಕೆ ಭಾರವಾದ ರಬ್ಬರ್ ಶೀಟು ಹಾಕಿಸಿ. ಹಾಸಿಗೆಯ ಸ್ಪಂಜ್, ಥರ್ಮಾಕೋಲ್ ಎಂಜಿನ್ ಹತ್ತಿರ ಬೇಡವೇ ಬೇಡ. ಬೆಂಕಿಗೆ ಅವು ಒಂದು ಕಿಡಿ ದೂರ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ನಮ್ಮ ಹಳೆಯ ಗಾಡಿಗಳಲ್ಲಿ ಸೆಖೆಗೆ ಕಿಟಕಿ ತೆಗೆದೇ ಓಡಿಸಬೇಕು. ಹಾಗಾಗಿ ಹೊರಗಿನ ಸೈಲೆನ್ಸರ್ ಸದ್ದು ನೇರ ನಿಮ್ಮ ಬಲಗಿವಿಗೆ ಬರುತ್ತದೆ. ಒಳಗನ್ನು ಎಷ್ಟೇ ಭದ್ರ ಮಾಡಿದರೂ ಒಳ್ಳೆಯ ಸೈಲೆನ್ಸರ್ ಬೇಕೇ ಬೇಕು ಅನ್ನುವುದು ಇದಕ್ಕೆ.

ಇನ್ನು ಯಾವುದು ಕೊಳ್ಳಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಕಂಪನಿಯ ಸೈಲೆನ್ಸರನ್ನೇ ಹಾಕಿಸುತ್ತೇನೆ. ಆ ಎಂಜಿನ್‌ನ ದನಿಗೆಂದೇ ಕೋಣೆಗಳ ಅಳತೆ ಹಾಕಿ ಮಾಡಿರುತ್ತಾರೆ. ಅಧಿಕೃತ ಅಂಗಡಿಯಲ್ಲಿ ಬಿಲ್ ಸಮೇತ ತೆಗೆದುಕೊಳ್ಳಿ. ಹಳೆಯದರ ಪಕ್ಕ ಇಟ್ಟು ತೂಗಿ ನೋಡಿ, ತೀರಾ ಹಗುರವಾಗಿದ್ದರೆ ಅನುಮಾನಪಡಿ.

ದುಡ್ಡಿನ ಅಡಚಣೆ ಇದ್ದರೆ ವೆಲ್ಡಿಂಗ್ ಅಂಗಡಿಯದ್ದು ಆಗಲೇಬಾರದು ಅಂತಲ್ಲ. ಚೆನ್ನಾಗಿ ಮಾಡುವವರಿದ್ದಾರೆ. ಆದರೆ ಮಾಡುವಾಗ ಪಕ್ಕದಲ್ಲಿ ನಿಂತುಕೊಳ್ಳಿ. ಒಳಗಿನ ಕೊಳವೆ, ಗೋಡೆ ನೋಡಿದ ಮೇಲೆಯೇ ಮುಚ್ಚಳ ಬೆಸೆಯಲು ಬಿಡಿ. ಡಬ್ಬದ ಉದ್ದ, ಅಗಲ ಹಳೆಯದಕ್ಕಿಂತ ಕಡಿಮೆ ಇರಬಾರದು. 25 ಸೆಂಟಿಮೀಟರ್ ಅಗಲದ ಬದಲು 20 ಮಾಡಿದರೆ ಒಳಗಿನ ಜಾಗ ನೂರಕ್ಕೆ 64ಕ್ಕೆ ಇಳಿಯುತ್ತದೆ. ಪೈಪಿನ ಅಳತೆಯಲ್ಲಂತೂ ರಾಜಿ ಬೇಡ. 4 ಇಂಚಿನ ಜಾಗದಲ್ಲಿ ಕೈಗೆ ಸಿಕ್ಕಿತು ಅಂತ 3 ಇಂಚಿನ ಪೈಪು ಬೆಸೆದರೆ ಅಷ್ಟೇ ಉದ್ದಕ್ಕೆ ಹೊಗೆಯ ತಡೆ ನಾಲ್ಕು ಪಟ್ಟು. ಆಗ ನಿಜವಾಗಿಯೂ ಪಿಕಪ್ ಹೋಗುತ್ತದೆ, ಟರ್ಬೊ ಬಿಸಿಯಾಗುತ್ತದೆ. ಸೈಲೆನ್ಸರಿನಿಂದ ಶಕ್ತಿ ಕಳೆದುಕೊಂಡ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಂಡಿದ್ದು ಇದನ್ನೇ.

ಗತ್ತು ಪೂರಾ ಬಿಡಲು ಮನಸ್ಸಿಲ್ಲದಿದ್ದರೆ ಒಂದು ದಾರಿ ಇದೆ. ಕೋಣೆಗಳ ದೊಡ್ಡ ಡಬ್ಬವನ್ನೇ ಹಾಕಿ, ಅದರ ನಂತರ ಬಾಲದ ಪೈಪಿನಲ್ಲಿ ನಾರಿರುವ ಒಂದು ಚಿಕ್ಕ ರೆಸೊನೇಟರ್, ಅಂದರೆ ಪುಟ್ಟ ಸೈಲೆನ್ಸರ್, ಸೇರಿಸಿ. ಕಿರ್ ಅನ್ನುವ ತೆಳು ದನಿ ಹೋಗಿ ಉಳಿದದ್ದು ದುಂಡಾಗಿ ಕೇಳುತ್ತದೆ. ಜೋರಾಗಿ ಅಲ್ಲ, ದುಂಡಾಗಿ. ನಾರು ಹಾಳಾದಾಗ ಆ ಚಿಕ್ಕದನ್ನು ಬದಲಿಸಿದರೆ ಆಯಿತು. ಬಾಲದ ಪೈಪು ಕ್ಯಾಬಿನ್‌ನಿಂದ ಹಿಂದೆ ಬಾಯಿ ಬಿಡಲಿ. ಡೀಸೆಲ್ ಲೈನ್, ಏರ್ ಬ್ರೇಕ್ ಪೈಪು, ಟಾರ್ಪಾಲಿನ ಹಗ್ಗಗಳಿಂದ ದೂರ ಇರಲಿ. ಹೊಸದು ಹಾಕಿಸಿದ ಮೇಲೆ ಮೊದಲ ಲೋಡು ಇಳಿಸಿದಾಗ ಕ್ಲಾಂಪು, ಫ್ಲೇಂಜ್ ಬೋಲ್ಟುಗಳನ್ನು ತಣ್ಣಗಿರುವಾಗ ಇನ್ನೊಮ್ಮೆ ಬಿಗಿ ಮಾಡಿಸಿ.

ಕಿವಿಯ ವಿಷಯ ಕೊನೆಗೆ ಇಟ್ಟುಕೊಂಡಿದ್ದೇನೆ. ಕೆಲಸದ ಜಾಗದ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ಸಂಸ್ಥೆ ನಿಯಾಶ್, ದಿನಕ್ಕೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಅಂತ ಮಿತಿ ಹಾಕಿದೆ. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಚನ್ನರಾಯಪಟ್ಟಣದಿಂದ ಮಂಗಳೂರಿಗೆ ಲೋಡಿನಲ್ಲಿ ನಿಮಗೆ ಎಷ್ಟು ಗಂಟೆ ಬೇಕು ಅಂತ ನಿಮಗೇ ಗೊತ್ತು. ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರಿಗೆ ಮೊದಲು ಕೇಳಿಸದೆ ಹೋಗಿದ್ದು ಸ, ಶ, ಚ ಅಕ್ಷರಗಳು. ಸದ್ದಿನಿಂದ ಕಿವಿ ಹಾಳಾಗುವಾಗ ತೆಳು ದನಿಗಳೇ ಮೊದಲು ಹೋಗುತ್ತವೆ. ಮನೆಯವರು ಗೊಣಗುತ್ತಾರೆ ಅಂತ ಅವರು ಎಷ್ಟೋ ವರ್ಷ ಸಿಟ್ಟಾಗುತ್ತಿದ್ದರು. ಈಗ ಮೊಮ್ಮಗಳು ಪಕ್ಕದಲ್ಲಿ ಕೂತು ಕರೆದರೂ ಕೇಳಿಸುವುದಿಲ್ಲ. ಒಮ್ಮೆ ಹೋದ ಆ ಕೇಳ್ಮೆ ಹಿಂದಕ್ಕೆ ಬರುವುದಿಲ್ಲ. ಮಲಗಿದಾಗ ಗುಂಯ್ ಅನ್ನುವುದು ಕಿವಿ ಕೊಡುವ ಸೂಚನೆ. ಮುಂದಿನ ಸಲ ಮಂಗಳೂರಿನಲ್ಲಿ ಗೊಬ್ಬರದ ಲೋಡಿಗೆ ಕಾಯುವಾಗ ಕಿವಿ ಡಾಕ್ಟರ ಹತ್ತಿರ ಹೋಗಿ ಆಡಿಯೋಗ್ರಾಂ, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸಿಕೊಳ್ಳಿ. ಸೈಲೆನ್ಸರ್ ಕೊಳ್ಳುವುದಕ್ಕೂ ಮೊದಲೇ ಮಾಡಿಸಿ, ಕ್ಲೀನರ್ ಹುಡುಗನನ್ನೂ ಕರೆದುಕೊಂಡು ಹೋಗಿ.